ಕೈಗಡ

ದಾಖಲೆ ಪುಸ್ತಕದಲ್ಲಿ ಅವನದು ಒಂದೇ ಸಾಲು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?
ನಾನು ಅವನ ಕ್ಯಾಚರ್. ಅವನ ಒಂಬತ್ತು ವರ್ಷ
ನನ್ನ ತೋರುಬೆರಳ ಬುಡದಲ್ಲಿ
ಇಳಿಯದ ಬಾವಾಗಿ ಕೂತಿದೆ.

ಎಲಾಡಿಯೊ ಪಿಮೆಂಟೆಲ್, ಡೊಮಿನಿಕದ ಬಾನಿ ಕಡೆಯವನು.
ಅಪ್ಪನ ಉಪ್ಪಿನ ಮಡಿಗಳಲ್ಲಿ ಹೆಂಟೆ ಎಸೆದೆಸೆದು
ಕಂಬದ ಮೇಲಿನ ಕೊಕ್ಕರೆಯನ್ನು
ಮುಟ್ಟದೆ ಹಾರಿಸಲು ಕಲಿತವನು.
ಚೆಂಡು ಹಿಡಿಯುವ ಮುಂಚೆ ಬೆರಳು ನೆಕ್ಕುತ್ತಿದ್ದ,
ಟೆನ್ನೆಸೀಯಲ್ಲೂ ಉಪ್ಪು ಸಿಗುತ್ತದೇನೋ ಎಂಬಂತೆ.

ಚಟ್ಟನೂಗದಿಂದ ಮಾಂಟ್ಗೊಮರಿಗೆ ರಾತ್ರಿಯಿಡೀ ಬಸ್ಸು.
ಅವನ ಮೊಣಕೈ ಮೇಲೆ ಹೆಪ್ಪುಗಟ್ಟಿದ ಬಟಾಣಿಯ ಚೀಲ;
ಬೆಳಗಿನ ಜಾವ, ಕರಗಿದ ಮೇಲೆ,
ಹಂಚಿಕೊಂಡು ತಿನ್ನುತ್ತಿದ್ದೆವು.
ಸಂಬಳ ಅಷ್ಟಿತ್ತು.

ಒಂದು ಬೆರಳು ತೋರಿದರೆ ನೇರ, ಎರಡಕ್ಕೆ ತಿರುವು,
ಮೂರಕ್ಕೆ ತಲೆಯಾಡಿಸುತ್ತಿದ್ದ: ಬೇಡ.
ಅಷ್ಟೇ ನಮ್ಮ ಮಾತು. ಅವನ ಸ್ಪ್ಯಾನಿಷ್ ನನಗೆ,
ನನ್ನ ಅಲಬಾಮದ ಇಂಗ್ಲಿಷ್ ಅವನಿಗೆ
ಬೇಕಾಗಲೇ ಇಲ್ಲ.

ಆರನೇ ವರ್ಷ, ಮೊಣಕೈಯೊಳಗೆ
ಹಸಿ ಬರಲು ಮುರಿದಂತೆ ಸದ್ದು. ನನಗೂ ಕೇಳಿಸಿತು.
ಬಲ ಮಣಿಕಟ್ಟಿನ ನಾರು ತೆಗೆದು ಎಡ ಮೊಣಕೈಗೆ ಹೊಲಿದರು.
ಎರಡೂ ತೋಳು ಎತ್ತಿ ತೋರಿಸಿ ನಕ್ಕ:
ಇದರಿಂದ ಅದಕ್ಕೆ, ಕೈಗಡ.

ಮೇಲಿನ ಲೀಗಿಗೆ ಕರೆದದ್ದು ಒಂದೇ ಸಲ, ಸೆಪ್ಟೆಂಬರಿನಲ್ಲಿ.
ಹನ್ನೊಂದು ಎಸೆತ. ಹಿಡಿದವನು ಬೇರೆ ಯಾರೋ.
ನಾನು ಪೆಟ್ರೋಲ್ ಬಂಕಿನ ಟೀವಿ ಮುಂದೆ;
ಪ್ರತಿ ಸಲವೂ ಕೈ ತಾನಾಗಿ ತೆರೆದುಕೊಂಡಿತು,
ಕಾಫಿ ಚೆಲ್ಲಿತು.

ಕೊನೆಯದು ಹೊರಗೆ, ಅಂದ ಅಂಪೈರ್.
ಸುಳ್ಳು. ಇಲ್ಲಿ ಬಿತ್ತು ಅದು,
ಸರಿಯಾಗಿ ಬಾವಿನ ಮೇಲೆ.