ಅರ್ಥ್

ಎಡಕ್ಕೆ ಇಂಡಿಕೇಟರ್ ಹಾಕಿದರೆ ಸಾಕು
ಪೆಟ್ರೋಲಿನ ಮುಳ್ಳು ಕುಣಿಯುತ್ತದೆ.
ಟಿಕ್ ಎಂದರೆ ಮೇಲೆ, ಟಕ್ ಎಂದರೆ ಕೆಳಗೆ;
ಪಕ್ಕದ ಬಿಸಿಯ ಮುಳ್ಳೂ ಅದರ ಜೊತೆಗೆ,
ಫುಗಡಿ ಆಡುವ ಹೆಂಗಸರ ಹಾಗೆ.

ಬಲಕ್ಕೆ ಹಾಕಿದರೆ ಬೇರೆಯೇ ಕತೆ,
ಏದುಸಿರು ಬಿಟ್ಟಂತೆ ಟಿಕಟಿಕಟಿಕ.
ಬೈತಖೋಲ ಬಂದರದ ತಿರುವಿನಲ್ಲಿ
ಹಿಂದಿದ್ದ ಮೀನಿನ ಲಾರಿಯವ ಇಳಿದು ಬಂದು
"ಬಾಯೀ, ನೀನು ತಿರುಗುತ್ತೀಯೋ, ಹೆದರುತ್ತೀಯೋ?" ಎಂದ.
ಎರಡೂ, ಎಂದೆ.
ಹಿಂದೆ ಇಪ್ಪತ್ತೆಂಟು ಡಬ್ಬಿ ಊಟ ಆರುತ್ತಿತ್ತು.

ಕೋಡಿಬಾಗದಲ್ಲಿ ದಾಮು ಗುನಗಿಯ ಅಂಗಡಿ ಅಂದರೆ
ನಾಲ್ಕು ತಗಡು, ಒಂದು ಬೆಂಚು, ಕಾಳಿಯ ಕಡೆಯಿಂದ ಗಾಳಿ.
ಅವ ಮೊದಲು ಏನನ್ನೂ ಬಿಚ್ಚಲಿಲ್ಲ.
ಎಡಕ್ಕೆ ಹಾಕಿ ಅಂದ. ಹಾಕಿದೆ.
ಬಲಕ್ಕೆ. ಹಾಕಿದೆ.
ಹೆಡ್‌ಲೈಟು. ಬ್ರೇಕು. ಹಾರ್ನು.
ಕಣ್ಣು ಮುಚ್ಚಿಕೊಂಡು ಕೇಳಿದ, ದೂರದ ಭಜನೆ ಕೇಳಿದಂತೆ.
ಆಮೇಲೆ ಬೀಡಿಯನ್ನು ಕಿವಿಗೇರಿಸಿ,
"ಮೀಟರು ಸರಿ ಇದೆ. ಮುಳ್ಳೂ ಸರಿ ಇದೆ.
ನಿಮ್ಮ ವ್ಯಾನಿಗೆ ಅರ್ಥ್ ಸಿಗ್ತಾ ಇಲ್ಲ."

ನಕ್ಕೆ. ಯಾರಿಗೆ ಸಿಕ್ಕಿದೆ, ಮಾರಾಯ.
ಅವನಿಗೆ ನಗು ಬರಲಿಲ್ಲ;
ದಿನಕ್ಕೆ ಹತ್ತು ಸಲ ಹೇಳುವ ಮಾತು.
"ಹೋದ ಕರೆಂಟು ವಾಪಸು ಬರಬೇಕಲ್ಲ, ಬಾಡಿಯ ಮೇಲಿಂದ.
ಅದರ ದಾರಿ ಕಟ್ಟಿದೆ. ಅದಕ್ಕೇ
ಮುಳ್ಳಿನ ಮನೆಗೆ ನುಗ್ಗಿ ದಾರಿ ಹುಡುಕ್ತದೆ."

ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ
ಮುಖ ಸಮುದ್ರದ ಕಡೆ ತಿರುಗಿಸಿ
ಬೆರಳಿನಿಂದಲೇ ನೋಡಿ ಒಂದು ಬೋಲ್ಟು ತೆಗೆದ.
ಬೋಲ್ಟಲ್ಲ ಅದು, ಹಸಿರು ಹಿಟ್ಟು.
ಉಪ್ಪು ತಿಂದವ ನೀರು ಕುಡಿಯಬೇಕು ಅನ್ನುತ್ತಾರೆ.
ಇಲ್ಲಿ ಉಪ್ಪೇ ತಿನ್ನುತ್ತದೆ:
ಗೇಟು, ಬೀಗ, ಕೊಡೆಯ ಕಡ್ಡಿ,
ನಮ್ಮ ಓಣಿಯ ಮೂರು ಸ್ಕೂಟರು.
ಅದಕ್ಕೆ ನೀರು ಕುಡಿಸಿದವರಿಲ್ಲ.

ಬಲಗಡೆಯ ರೋಗ ಸಣ್ಣದು, ಹಿಂದಿನ ಬಲ್ಬು ಸತ್ತಿತ್ತು.
"ಜೋಡಿಯಲ್ಲಿ ಒಂದು ಹೋದರೆ
ಉಳಿದದ್ದು ಎರಡರ ಬಡಿತ ಬಡೀತದೆ."
ಹತ್ತು ರೂಪಾಯಿಯ ಬಲ್ಬು.
ನಾನು ಪಕ್ಕದ ಸೀಟಿನತ್ತ ನೋಡಲಿಲ್ಲ.
ಅಲ್ಲಿ ಕೂತು ಶೇವಂತಿ ಡಬ್ಬಿ ಎಣಿಸುತ್ತಿದ್ದಳು,
ಹದಿನಾಲ್ಕು ನಿನ್ನದು, ಹದಿನಾಲ್ಕು ನನ್ನದು,
ಒಂದೇ ಒಲೆಯ ಅನ್ನಕ್ಕೂ ತಂಗಿಯ ಲೆಕ್ಕ.
ಸದಾಶಿವಗಡದಲ್ಲಿ ಈಗ ಅವಳದೇ ಖಾನಾವಳಿ.
ಹನ್ನೊಂದು ತಿಂಗಳು. ನದಿಯಾಚೆ ಅವಳ ಒಗ್ಗರಣೆ, ಈಚೆ ನನ್ನದು,
ಕಾರಣ ಮುನ್ನೂರು ಚಿಲ್ಲರೆಯ ಸೌದೆ.

ದಾಮು ಮರಳುಕಾಗದ ಹಿಡಿದು ಉಜ್ಜಿದ,
ಬಣ್ಣ ಹೋಗಿ, ತುಕ್ಕು ಹೋಗಿ,
ತಗಡಿನ ಬರಿ ಮೈ ಹೊಳೆಯುವವರೆಗೆ.
ಹೊಸ ಬೋಲ್ಟು. ಮೇಲೊಂದು ಗ್ರೀಸಿನ ಬೊಟ್ಟು.
ಕೀಲಿ ತಿರುಗಿಸಿದೆ. ಕುಣಿತ ನಿಂತಿತು.
ನಿಂತದ್ದು ಎಲ್ಲಿ ಅಂದರೆ
ತಳದಲ್ಲಿ, ಕೆಂಪು ಗೆರೆಗೂ ಕೆಳಗೆ.
ಅರ್ಧ ಇದೆ, ಅರ್ಧ ಇದೆ ಎಂದು
ಇಷ್ಟು ದಿನ ನಾನು ಓಡಿಸಿದ್ದು ಏನನ್ನು?
"ಸುಳ್ಳು ಹೇಳುತ್ತಿದ್ದಾಗಲೇ ಚಂದ ಇತ್ತು" ಎಂದೆ.
"ಮುನ್ನೂರೈವತ್ತು" ಎಂದ.

ಆಮೇಲೆ, ನೋಟು ಮಡಚುತ್ತ,
"ಇಂಡಿಕೇಟರಿನ ಹಿಡಿಕೆ ತಾನಾಗಿ ವಾಪಸು ಬರೋದಿಲ್ಲ.
ಒಳಗಿನ ಹಲ್ಲು ಸವೆದಿದೆ, ಹುಬ್ಬಳ್ಳಿಯಿಂದ ತರಿಸಬೇಕು.
ಅಲ್ಲೀವರೆಗೆ, ತಿರುಗಿದ ಮೇಲೆ ನೀವೇ ನೆನಪಿಟ್ಟು ಆರಿಸಿ."

ಈಚೆಯ ಬಂಕಿಗೆ ಹಗ್ಗ ಕಟ್ಟಿದ್ದರು.
ಸೇತುವೆ ಹತ್ತಿದೆ. ಅರ್ಧ ದಾರಿಗೆ ಗೊತ್ತಾಯಿತು,
ದಾಮುವಿನ ಅಂಗಳದಿಂದ ಬಲಕ್ಕೆ ಹಾಕಿದ್ದು ಇನ್ನೂ ಬಡಿಯುತ್ತಲೇ ಇದೆ,
ಈಗ ನಿಧಾನಕ್ಕೆ, ಸರಿಯಾದ ಲಯಕ್ಕೆ.
ಸೇತುವೆಯ ಮೇಲೆ ತಿರುಗಲು ಏನಿದೆ?
ಆದರೂ ಹಿಂದಿನ ಬಸ್ಸಿನವ ಕಾಯುತ್ತಿದ್ದ,
ಇವಳು ಕಾಳಿಗೇ ಇಳಿಯುತ್ತಾಳೇನೋ ಎಂಬಂತೆ.
ಆರಿಸಲು ಕೈ ಚಾಚಿದೆ.
ಆಚೆ ಇಳಿದರೆ ಬಂಕು ಬಲಕ್ಕೆ.
ಅವಳ ಓಣಿಯೂ.

ಇರಲಿ ಎಂದು ಬಿಟ್ಟೆ.