ಹೊರಗೇಟಿಲ್ಲದ ಗುಜರಿ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮದು ಮೂರನೇ ಗುಜರಿ.
ಆಲೆಮನೆಯ ತೂತುಬಿದ್ದ ಕೊಪ್ಪರಿಗೆ, ಸವೆದ ಕುಳ,
ಹಲ್ಲುದುರಿದ ಗಾಣದ ಚಕ್ರ, ಯಾರದೋ ಮದುವೆಯ ಬೀರು
ಎಲ್ಲ ಬರುತ್ತೆ. ಒಡೀತೀವಿ, ತೂಗ್ತೀವಿ,
ಗುರುವಾರದ ಲಾರಿಗೆ ಹೇರ್ತೀವಿ.
ಒಳಕ್ಕೊಂದು ಗೇಟು, ಹೊರಕ್ಕೊಂದು.

ಹಾಗಾಗಿ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಡಾಕ್ಟರ್ ಕಾವೇರಮ್ಮ ಚೀಟಿಯ ಬೆನ್ನಿಗೆ ಗೀಚುತ್ತ
"ಕೆಂಪು ಕಣಕ್ಕೆ ನೂರಿಪ್ಪತ್ತು ದಿನ ಆಯಸ್ಸು.
ಹಳತಾದ್ದನ್ನ ಗುಲ್ಮ ಒಡೆಯುತ್ತೆ,
ಕಬ್ಬಿಣ ಬಿಡಿಸಿ ಗಾಡಿಗೆ ಹಾಕುತ್ತೆ,
ಗಾಡಿ ಮೂಳೆಯೊಳಕ್ಕೆ, ಅಲ್ಲಿ ಹೊಸ ಕಣ"
ಅಂದಾಗ ತಲೆಯಾಡಿಸಿದೆ.
ಗೊತ್ತಿರೋ ದಂಧೆ.

ಒಂದು ಗಾಡಿಗೆ ಎಷ್ಟು ಹಿಡಿಯುತ್ತೆ?
"ಎರಡೇ ಚೂರು."
ಮಿಕ್ಕಿದ್ದು?
"ಲಿವರಿನ ಗೋದಾಮಿಗೆ. ಡಬ್ಬಿಯೊಂದಕ್ಕೆ ಸಾವಿರಾರು,
ಮೈಗೆ ತಾಗದ ಹಾಗೆ ಮುಚ್ಚಿಟ್ಟು."
ನಮ್ಮ ಶೆಡ್ಡಿಗೂ ಅಂಥದ್ದೊಂದು ಇರಬೇಕಿತ್ತು ಅಂದುಕೊಂಡೆ.
ಲಾರಿ ಯಾವತ್ತು ಬರುತ್ತೆ?

ಅವರು ಪೆನ್ನಿಗೆ ಮುಚ್ಚಳ ಹಾಕಿದರು.
"ಬರಲ್ಲ ಮುನೀರ್. ಕಬ್ಬಿಣ ಆಚೆಗೆ ಹಾಕೋ ದಾರಿ
ಮೈಗೆ ಗೊತ್ತೇ ಇಲ್ಲ."

ಇಪ್ಪತ್ತೊಂದು ದಿನಕ್ಕೊಂದು ಸಲ
ಶಿರೀನಳ ಕೈಗೆ ಯಾರದೋ ರಕ್ತ ಇಳಿಯುತ್ತೆ.
ಯಾವ ಕಾಲೇಜಿನ ಹುಡುಗನದೋ, ಯಾವ ಬಸ್ ಡ್ರೈವರಿನದೋ.
ಚೀಲವೊಂದರಲ್ಲಿ ಕಾಲು ಗ್ರಾಂ ಕಬ್ಬಿಣವಂತೆ.
ನನ್ನ ಕಾಟಾದಲ್ಲಿ ಮುಳ್ಳೂ ಅಲುಗಲ್ಲ.
ಅದು ಅವಳ ಲಿವರಿನಲ್ಲಿ, ಎದೆಯಲ್ಲಿ,
ಹನ್ನೊಂದು ವರ್ಷದಿಂದ ಒಂದರ ಮೇಲೊಂದು.

ವಾಪಸ್ ರೈಲಿನಲ್ಲಿ ಕೆನ್ನೆ ಕೆಂಪಗಾಗಿ ಕಿಟಕಿಗೆ ಅಂಟಿಕೊಳ್ತಾಳೆ.
ಶ್ರೀರಂಗಪಟ್ಟಣದ ಹೊಳೆ ದಾಟುವಾಗ,
"ಅಬ್ಬಾ, ಈ ಸೇತುವೆ ಗುಜರಿಗೆ ಬಂದ್ರೆ ಎಷ್ಟು ಸಿಗುತ್ತೆ?"
ಕೆಳಗೆ ಯಾರೋ ಎತ್ತು ತೊಳೀತಿದ್ದರು.
ರೇಟು ಬಿದ್ದಿದೆ ಕಣೇ, ಅಂದೆ.

ರಾತ್ರಿ ಅವಳ ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ.
ಅಂಗೈಯಗಲದ ಪಂಪು ಹಾಸಿಗೆಯ ಪಕ್ಕ
ಬೆಳಗಿನ ತನಕ ಟಿಕ್ ಟಿಕ್ ಅನ್ನುತ್ತೆ.
ಅವಳಮ್ಮ ಅದರ ಕಡೆ ಬೆನ್ನು ಮಾಡಿ ಮಲಗ್ತಾಳೆ, ನಿದ್ದೆ ಮಾಡಲ್ಲ.

ಆರೂವರೆಗೆ ಬಚ್ಚಲಿಂದ ಕೂಗು:
"ಅಬ್ಬಾ, ನೀರು ಹಾಕಿಲ್ಲ, ಬಂದು ನೋಡು!"

ಹೋಗಿ ನೋಡ್ತೀನಿ.
ಬಿಳಿ ಬೇಸಿನ್ನಿನಲ್ಲಿ ಉಚ್ಚೆ,
ಮಳೆಯಲ್ಲಿ ನೆನೆದ ತಗಡಿನ ಬಣ್ಣ.
ಅವಳು ಬಾಗಿಲ ಹಿಂದೆ ಹಲ್ಲುಜ್ಜುತ್ತ ಕಾಯ್ತಾಳೆ.

ಲೋಡು ಹೋಯ್ತು, ಅಂತೀನಿ.
ರೇಟು ಕೇಳಲ್ಲ.
ಒಂದು ಚೊಂಬು ನೀರು ಹುಯ್ದು
ಅಂಗಡಿ ತೆಗೆಯೋಕೆ ಹೋಗ್ತೀನಿ.