ಹೆಗಲರ ಪುಟ

ಗುರುವಾರ ರಾತ್ರಿ, ಮುಹರ್ರಕ್‌ನ ಮೂರನೇ ಮಹಡಿ.
ಏಸಿ ಕೆಮ್ಮುತ್ತದೆ. ಕರಕ್ ಚಹಾ ಆರುತ್ತದೆ.
ಊಟದ ಮೇಜಿನ ಮೇಲೆ ನಾನು ಕಟ್ಟಿದ ರಾಜ್ಯ,
ಆಫೀಸಿನ ಪ್ಲಾಟರಿನಲ್ಲಿ ಕದ್ದು ತೆಗೆದ ನಕ್ಷೆ,
ನಾಲ್ಕಡಿ ಅಗಲ.

ಹಗಲೆಲ್ಲ ಇನ್ನೊಬ್ಬರ ಗೋಡೆಗೆ ಗೆರೆ ಎಳೆಯುವವನು ನಾನು.
ಇಲ್ಲಿ ಮಾತ್ರ, ಬೆಟ್ಟ ಎಲ್ಲಿ ನಿಲ್ಲಬೇಕೆಂದು
ನಾನು ಹೇಳುತ್ತೇನೆ. ಬೆಟ್ಟ ಕೇಳುತ್ತದೆ.

ಏಳು ಕೋಟೆ, ಎರಡು ದೇವರು, ಒಂದು ಹಾರುವ ಮೀನು.
ಸಿದ್ಧಾಂತಗಳಿಗೂ ಬಾವುಟ ಹೊಲಿದಿದ್ದೆ:
ಉತ್ತರಕ್ಕೆ ಸಮತೆ, ಕೆಂಪು.
ದಕ್ಷಿಣಕ್ಕೆ ಕಿರೀಟ, ಗಿಣಿಹಸಿರು.
ನಡುವೆ ವ್ಯಾಪಾರಿಗಳ ಗಣರಾಜ್ಯ,
ಅದರ ಬಣ್ಣ ಇನ್ನೂ ಚರ್ಚೆಯಲ್ಲಿತ್ತು.
ಅರಸನ ವಂಶಾವಳಿಗೆ ಹನ್ನೊಂದು ಪುಟ.
ಕಲ್ಲು ಹೊರುವವರಿಗೆ ಒಂದು ಸಾಲು:
'ಹೆಗಲರು. ಹುಟ್ಟಾ ಬಲಿಷ್ಠರು. ಮಾತು ಕಡಿಮೆ. ಬಿಸಿಲು ತಾಗದು.'

ಆಸ್ಪತ್ರೆಯ ಹಗಲು ಪಾಳಿ ಮುಗಿಸಿ ಬಂದ ವಿನ್ನಿಫ್ರೆಡ್
ಅದನ್ನು ಗಟ್ಟಿಯಾಗಿ ಓದಿದಳು.
'ಬಿಸಿಲು ತಾಗದು' ಎಂದಳು ಮತ್ತೊಮ್ಮೆ,
ಜುಲೈಯಲ್ಲಿ ತಾನು ಡ್ರಿಪ್ ಚುಚ್ಚಿದ
ಕೈಗಳನ್ನು ಎಣಿಸುವವಳ ಹಾಗೆ.
ಮುಂದೆ ಏನೂ ಅನ್ನಲಿಲ್ಲ. ಬಿಸ್ಕತ್ತು ಅದ್ದಿದಳು.

ತಸ್ಲೀಮ್ ಲೆಕ್ಕಿಗ, ಉಳ್ಳಾಲದವನು.
ಆಟವೆಂದರೆ ಆಟ ಎಂಬ ಪಕ್ಷ.
'ಡ್ರ್ಯಾಗನ್ ಸಂಬಳ ಕೇಳ್ತದಾ ಮಾರಾಯ?'

ಆಗ ಮುಬಾರಕ್, ಮನೆ ಮಾಲೀಕರ ಮಗ, ಇಲ್ಲೇ ಹುಟ್ಟಿದವನು,
ಖರ್ಜೂರದ ಬೀಜ ಉಗುಳಿ ಹೇಳಿದ:
ಅವನ ಅಜ್ಜನ ಅಪ್ಪ ಕಡಲಿಗೆ ಮುಳುಗುತ್ತಿದ್ದ,
ಮೂಗಿಗೆ ಚಿಮಟ, ಕಾಲಿಗೆ ಕಲ್ಲು.
ಒಂದು ಸಲ ಮೇಲೆ ಬರಲಿಲ್ಲ.
ಮನೆಗೆ ಬಂದದ್ದು ಮುತ್ತಲ್ಲ,
ಹಡಗಿನ ಒಡೆಯನ ಲೆಕ್ಕದ ಪುಸ್ತಕ.
ಸಾಲ ಮಗನ ಹೆಸರಿಗೆ ಇಳಿಯಿತು, ಜೊತೆಗೆ ಕಲ್ಲೂ.
'ನಿನ್ನ ರಾಜ್ಯಕ್ಕೆ ಮಾಂತ್ರಿಕ ಯಾಕೆ?
ಸತ್ತವನನ್ನೂ ದುಡಿಸಲು ಒಂದು ಪುಸ್ತಕ ಸಾಕು.'

ಅಜ್ಜನ ಅಪ್ಪನಿಗೆ ಕನ್ನಡದಲ್ಲಿ ಮುತ್ತಜ್ಜ ಅಂತೀವಿ ಎಂದೆ.
ಬಿಡಿಸಿ ಹೇಳಿದೆ, ತಪ್ಪಾಗಿ: ಮುತ್ತಿನ ಅಜ್ಜ.
ಅವನು ನಕ್ಕ.
ತಿದ್ದುವ ಮನಸ್ಸಾಗಲಿಲ್ಲ.

ಇಷ್ಟು ಹೊತ್ತೂ ಸುಮ್ಮನಿದ್ದವನು ಸಿದ್ರಾಮಪ್ಪ.
ಲಿಂಗಸುಗೂರಿನವನು, ಕ್ರೇನ್ ಆಪರೇಟರ್,
ಜನ ಸಾಲದೆಂದು ಕೆಳಗಿನ ಕೋಣೆಯಿಂದ
ನಾನೇ ಕರೆತಂದವನು.
'ಈ ಮಂದಿ ಉಣ್ಣೂದೇನ್ರಿ?' ಎಂದ.
ಬರೆದಿಲ್ಲ ಎಂದೆ.
'ಬಸ್ಸು ಎಷ್ಟಕ್ಕ ಬರತೈತಿ?'
ಅದು ಹಳೇ ಕಾಲ, ಬಸ್ಸಿಲ್ಲ ಎಂದೆ.
'ಹಂಗಾರ ಕೋಟೀ ಹತ್ರಾನ ಮಲಗ್ತಾರ.
ಎಲ್ಲಿ? ತೋರಸ್ರಿ.'

ನಾಲ್ಕಡಿ ನಕ್ಷೆಯಲ್ಲಿ ಹುಡುಕಿದೆ.
ಹಾರುವ ಮೀನಿಗೆ ಗೂಡಿತ್ತು.

'ನಾ ಇವರಾಗ ಒಬ್ಬ ಆಗ್ತೀನಿ' ಎಂದ.
ಹೆಗಲರು ಆಟಗಾರರಲ್ಲ, ಅವರಿಗೆ ಹಾಳೆಯಿಲ್ಲ, ಬೊಂಬೆಯಿಲ್ಲ.
ಮುಬಾರಕ್‌ನ ತಟ್ಟೆಯಿಂದ ಒಂದು ಬೀಜ ಎತ್ತಿ
ಅಂಗಿಗೆ ಒರೆಸಿ
ಕೋಟೆಯ ಇಳಿಜಾರಿನಲ್ಲಿ ನಿಲ್ಲಿಸಿದ. ಬಿತ್ತು. ಮತ್ತೆ ನಿಲ್ಲಿಸಿದ.

ಏನು ಮಾಡ್ತೀಯ? ಕೇಳಿದೆ, ರೂಢಿಯಂತೆ.
'ಕಲ್ಲು ಕೆಳಗ ಇಡ್ತೀನಿ.'
ಸರಿ, ಆಮೇಲೆ?
'ಆಮ್ಯಾಲೇನಿಲ್ರಿ. ಇಡ್ತೀನಿ. ಎಷ್ಟು ಬೀಳಬೇಕು?'

ಅಂಗೈಯಲ್ಲಿ ದಾಳ ಕುಲುಕುತ್ತ ಕಾದ.
ನಾನು ಪುಟ ತಿರುವಿದೆ.
ಎತ್ತಲು ಹನ್ನೆರಡು, ಎಸೆಯಲು ಹದಿನೈದು,
ಹೊತ್ತು ಓಡಲು ಹದಿನೆಂಟು.
ಇಡುವುದಕ್ಕೆ ಸಂಖ್ಯೆಯೇ ಇರಲಿಲ್ಲ.
ತಸ್ಲೀಮ್ ಕೂಡ ಬಗ್ಗಿ ನೋಡುತ್ತಿದ್ದ, ಲೆಕ್ಕ ತಪ್ಪಿದವನಂತೆ.

ಹನ್ನೆರಡಾಯಿತು. ಸಿದ್ರಾಮಪ್ಪ ಎದ್ದ.
ನಾಳೆ ಓವರ್‌ಟೈಮು, ಬಸ್ಸು ನಾಲ್ಕೂವರೆಗೆ.
ದಾಳವನ್ನು ಹುಷಾರಾಗಿ ಮೇಜಿನ ಅಂಚಿಗಿಟ್ಟ,
ಉರುಳಿಸಲಿಲ್ಲ.

ಒಬ್ಬನೇ ಕೂತು 'ಬಿಸಿಲು ತಾಗದು' ಹೊಡೆದುಹಾಕಿದೆ.
ಅದರ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ
'ನಾಲ್ಕೂವರೆ' ಎಂದು ಬರೆದೆ.
ಈ ವಾರವೆಲ್ಲ ನಿಂತೇ ಉಣ್ಣುತ್ತಿದ್ದೇನೆ,
ಮೇಜು ತೆಗೆದಿಲ್ಲ.
ಇಳಿಜಾರಿನಲ್ಲಿ ಬೀಜ ಹಾಗೇ ಇದೆ,
ಒಂದಿಷ್ಟು ಇರುವೆ ಮುತ್ತಿಕೊಂಡು.